ಹಿರಿಯರು ಹೊರಗೆ ಕೂಡಬೇಕು

ನಾಶಿಕ

ಪರದೇಶಕ್ಕೆ ಹೋಗಿ ಬಂದವರು ಕಥೆಯನ್ನು ವಿಮಾನದಿಂದ ಶುರು ಮಾಡುತ್ತಾರೆ. ನನ್ನ ಪರದೇಶ ಮನ್ಮಾಡದ ರೈಲು ನಿಲ್ದಾಣದಲ್ಲಿ ಶುರುವಾಯಿತು. ನಾಶಿಕದ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಒಬ್ಬರನ್ನು ನನ್ನ ಸೇಡಂ ಹಿಂದಿಯಲ್ಲಿ ಕೇಳಿದೆ. ಅವರು ಮರಾಠಿಯಲ್ಲಿ ಉತ್ತರ ಕೊಟ್ಟರು. ಅವರಿಗೆ ನನ್ನ ಪ್ರಶ್ನೆ ತಿಳಿಯಲಿಲ್ಲ, ನನಗೆ ಅವರ ಉತ್ತರ ತಿಳಿಯಲಿಲ್ಲ. ಆದರೂ ಇಬ್ಬರೂ ತಲೆಯಾಡಿಸಿ, ಕೈಮುಗಿದು, ಬಹಳ ಸಂತೋಷದಿಂದ ಬೇರೆಯಾದೆವು. ಪಾಸ್‌ಪೋರ್ಟ್ ಕೇಳಲಿಲ್ಲ ಎಂಬುದೊಂದನ್ನು ಬಿಟ್ಟರೆ ಪರದೇಶದ ಲಕ್ಷಣಗಳೆಲ್ಲ ಇದ್ದವು.

ನಾನು ಸೇಡಂನ ನಿವೃತ್ತ ಮುಖ್ಯೋಪಾಧ್ಯಾಯ. ಪಾಠ ಮಾಡಿದ್ದಕ್ಕಿಂತ ರಾಜಿ ಮಾಡಿಸಿದ್ದೇ ಹೆಚ್ಚು. ಹೊಲದ ಬದು, ಬಾವಿಯ ಪಾಳಿ, ಬೀಗರ ಮುನಿಸು, ಯಾವುದೇ ಇರಲಿ, 'ಶರಣಪ್ಪ ಮಾಸ್ತರನ್ನ ಕರೀರಿ' ಅನ್ನುತ್ತಿದ್ದರು. ಹೋಗುತ್ತಿದ್ದೆ, ಚಹಾ ಕುಡಿಯುತ್ತಿದ್ದೆ, ಎರಡೂ ಕಡೆಯವರನ್ನು ಬೈಯುತ್ತಿದ್ದೆ, ಎಲೆಯಡಿಕೆ ಹಾಕಿಕೊಂಡು ಬರುತ್ತಿದ್ದೆ. ಆ ರಾಜಿಗಳು ಆಮೇಲೆ ನಿಂತವೋ ಬಿದ್ದವೋ ಗೊತ್ತಿಲ್ಲ. ತಿರುಗಿ ನೋಡುವುದು ರಾಜಿ ಮಾಡಿಸಿದವನ ಕೆಲಸವಲ್ಲ.

ಈ ಸಲ ಕರೆ ಬಂದದ್ದು ತಂಗಿ ಕಮಲಾಳಿಂದ. ಅವಳನ್ನು ನಾಶಿಕದ ಕಬ್ಬಿಣದ ಸಾಮಾನಿನ ವ್ಯಾಪಾರಿಗೆ ಕೊಟ್ಟದ್ದು. ಆಕೆಯ ಮಗಳು ಸುವರ್ಣಾ ಅಲ್ಲೇ ಹುಟ್ಟಿ ಬೆಳೆದವಳು, ಸಿನ್ನರಿನ ಒಂದು ಕಾರ್ಖಾನೆಯಲ್ಲಿ ಕೆಲಸ. ಗಂಡ ಬಸವರಾಜ ನಮ್ಮ ಕಲಬುರಗಿ ಕಡೆಯವನು, ವರ್ಗವಾಗಿ ಬಂದು ಛತ್ರಪತಿ ಸಂಭಾಜಿನಗರದ ಬ್ಯಾಂಕೊಂದರಲ್ಲಿದ್ದಾನೆ. ಜೊತೆಗೆ ತಾಯಿ ಗುರಬಾಯಿ. ಮದುವೆಯಾದ ಮೇಲೂ ಸುವರ್ಣಾ ಕೆಲಸ ಬಿಡಲಿಲ್ಲ, ಸಿನ್ನರಿನಲ್ಲೇ ಉಳಿದಳು ಎಂದು ಜಗಳ ಹುಟ್ಟಿತು. ಎರಡು ವರ್ಷದ ಹಿಂದೆ ಕಮಲಾಳ ಮನೆಯ ಪಡಸಾಲೆಯಲ್ಲಿ ಹಿರಿಯರೆಲ್ಲ ಸೇರಿ ತೀರ್ಮಾನ ಮಾಡಿದೆವು: ಹುಡುಗಿ ಕೆಲಸ ಬಿಟ್ಟು ಗಂಡನ ಮನೆಗೆ ಹೋಗಬೇಕು, ಆತನಿಗೆ ಊರ ಕಡೆ ವರ್ಗವಾದರೆ ಹಿಂದೆಯೇ ನಡೆಯಬೇಕು. ಸುವರ್ಣಾ ಸುಮ್ಮನೆ ಕೂತಿದ್ದಳು. ಮೌನವೇ ಸಮ್ಮತಿ ಎಂದು ನಾನು ಘೋಷಿಸಿದೆ. ಹೋದಳು ಕೂಡ. ಕೆಲವು ತಿಂಗಳಿಗೆ ಚೀಲ ಎತ್ತಿಕೊಂಡು ವಾಪಸು ಬಂದು ಅದೇ ಕಾರ್ಖಾನೆಗೆ ಸೇರಿಕೊಂಡಳು. ಹೆಂಡತಿಯನ್ನು ಕಳಿಸಿಕೊಡಿ ಎಂದು ಗಂಡನ ಕಡೆಯವರು ಕೋರ್ಟಿಗೆ ಹೋದರು. ನ್ಯಾಯಾಧೀಶರು ಕಾಗದ ನೋಡಿ, ಮೊದಲು ಮಧ್ಯಸ್ಥಿಕೆ ಕೇಂದ್ರಕ್ಕೆ ಹೋಗಿ ಮಾತಾಡಿ ಬನ್ನಿ ಅಂದರು.

"ಅಣ್ಣಾ, ಕೋರ್ಟ್‌ನವ್ರೇ ರಾಜಿ ಮಾಡಸ್ತಾರಂತ. ನೀ ಇಲ್ದ ಹೆಂಗ ಆಗ್ತದ?" ಎಂದು ಕಮಲಾ ಫೋನಿನಲ್ಲಿ ಅತ್ತಳು.

ನ್ಯಾಯಾಂಗಕ್ಕೆ ಕೊನೆಗೂ ನಮ್ಮಂಥವರ ಬೆಲೆ ತಿಳಿಯಿತಲ್ಲ ಎಂದು ನನಗೆ ಹೆಮ್ಮೆಯಾಯಿತು. ಇಸ್ತ್ರಿ ಮಾಡಿದ ಧೋತರ ಇಟ್ಟುಕೊಂಡು ಹೊರಟೆ.

ನಾಶಿಕದಲ್ಲಿ ಆಟೋದಲ್ಲಿ ತಂಗಿಯ ಮನೆಗೆ ಹೋಗುವಾಗ ಮುಂದೆಯೇ ಎರಡು ಸ್ಕೂಟರು ಡಿಕ್ಕಿ ಹೊಡೆದುಕೊಂಡವು. ನಮ್ಮ ಕಡೆಯಾದರೆ ಇಷ್ಟು ಹೊತ್ತಿಗೆ ಜನ ಸೇರಿ, ಎರಡು ಪಕ್ಷವಾಗಿ, ಯಾರ ಮಗ ಯಾರ ಅಳಿಯ ಎಂಬುದೆಲ್ಲ ಹೊರಬಿದ್ದಿರುತ್ತಿತ್ತು. ಇಲ್ಲಿ ಯಾರೂ ತಿರುಗಿ ನೋಡಲಿಲ್ಲ. ಮನಸ್ಸು ತಡೆಯದೆ ಆಟೋ ನಿಲ್ಲಿಸಿ ಇಳಿದು, ಇಬ್ಬರ ನಡುವೆ ಕೈ ಚಾಚಿ ನಿಂತೆ. ಅಲ್ಲಿಯವರೆಗೆ ಒಬ್ಬರಿಗೊಬ್ಬರು ಕೆಂಗಣ್ಣು ಬಿಡುತ್ತಿದ್ದವರು ಒಟ್ಟಿಗೆ ನನ್ನ ಕಡೆ ತಿರುಗಿದರು. "ಕಾಕಾ, ತುಮ್ಹೀ ಕೋಣ?" ಅಂದರು. ನಾನು ಯಾರು ಎಂಬುದಕ್ಕೆ ಮರಾಠಿಯಲ್ಲಿ ನನ್ನ ಹತ್ತಿರ ಉತ್ತರವಿರಲಿಲ್ಲ. ಅವರಿಬ್ಬರೂ ನಗುತ್ತ ಕನ್ನಡಿ ಸರಿಮಾಡಿಕೊಂಡು ಹೋದರು. ಮನೆ ಮುಟ್ಟಿದ ಮೇಲೆ ಇದನ್ನು ಕಮಲಾಳಿಗೆ ಹೇಳಲಿಲ್ಲ.

ಸಿನ್ನರ್

ಮರುದಿನ ಬಾಡಿಗೆ ಕಾರಿನಲ್ಲಿ ನಾನು, ಕಮಲಾ ಹೊರಟೆವು. ಕಮಲಾಳ ಗಂಡ ಬರಲಿಲ್ಲ. ಅಂಗಡಿ ಬಿಟ್ಟು ಅವರು ಸ್ವಂತ ಮದುವೆಗೂ ಅರ್ಧ ಮನಸ್ಸಿನಿಂದ ಬಂದವರು. ದಾರಿಯಲ್ಲಿ ಸಿನ್ನರಿನ ಕಾರ್ಖಾನೆ ಗೇಟಿನಲ್ಲಿ ಸುವರ್ಣಾಳನ್ನು ಹತ್ತಿಸಿಕೊಳ್ಳಬೇಕಿತ್ತು. ರಾತ್ರಿ ಪಾಳಿ ಮುಗಿಸಿ ನೀಲಿ ಅಂಗಿ, ದಪ್ಪ ಬೂಟಿನಲ್ಲಿ ಬಂದಳು. ಯಂತ್ರದ ಬಿಡಿಭಾಗ ಸರಿಯಿದೆಯೋ ಇಲ್ಲವೋ ಅಳೆದು ನೋಡುವ ಕೆಲಸವಂತೆ. ಸರಿಯಿಲ್ಲದ್ದನ್ನು ಏನು ಮಾಡುತ್ತೀ ಎಂದೆ. "ಪರತ ಕಳಸ್ತೀನಿ ಮಾಮಾ," ಅಂದಳು.

ಸುವರ್ಣಾಳ ಕನ್ನಡ ಅಷ್ಟೇ. ಊಟ ಆಯ್ತಾ, ನೀರು ಬೇಕಾ, ಹೋಗಿ ಬರ್ತೀನಿ. ಅದರಾಚೆ ಮಾತು ಹೋಯಿತೆಂದರೆ ಮರಾಠಿಗೆ ಜಾರುತ್ತಾಳೆ. ಇಲ್ಲಿಯ ನಮ್ಮವರ ಮಕ್ಕಳೆಲ್ಲ ಹೀಗೇ. ಅದರಿಂದ ದೊಡ್ಡವರಿಗೊಂದು ಅನುಕೂಲವುಂಟು. ಮಕ್ಕಳೆದುರಿಗೆ ಏನಾದರೂ ಗುಟ್ಟು ಮಾತಾಡಬೇಕಾದರೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕಿಲ್ಲ. ಗಟ್ಟಿ ಕನ್ನಡವನ್ನು ಸ್ವಲ್ಪ ಜೋರಾಗಿ ಓಡಿಸಿದರೆ ಸಾಕು.

ಹಾಗೆಯೇ ಓಡಿಸಿದೆವು. ಸುವರ್ಣಾ ಮುಂದಿನ ಸೀಟಿನಲ್ಲಿ, ನಾವು ಹಿಂದೆ.

"ಈ ಸಲ ಕಳಸೇ ಬಿಡಬೇಕಣ್ಣಾ. ಮಂದಿ ಮುಂದ ಮಾರಿ ತೋರಸ್ಲಾಕ ಬರವಲ್ದು," ಅಂದಳು ಕಮಲಾ.

"ಹುಡುಗಿ ಮೆತ್ತಗದ. ಎರಡು ಸಲ ಗದರಿಸಿದ್ರ ಹೋಗ್ತದ. ನೌಕರಿದು ಏನು, ಗಂಡನ ಮನೀಗಿ ಹೋದ ಮ್ಯಾಲ ತಾನಾ ಮರೀತಾಳ," ಅಂದೆ ನಾನು.

ಸುವರ್ಣಾ ಡ್ರೈವರಿಗೆ ಗಾಳಿ ಕಡಿಮೆ ಮಾಡಲು ಹೇಳಿ, ಕಿಟಕಿಯ ಹೊರಗೆ ನೋಡುತ್ತಿದ್ದಳು.

ಯೇವಲಾ

ಸಂಭಾಜಿನಗರಕ್ಕೆ ಬರಿಗೈಯಲ್ಲಿ ಹೋಗುವುದು ಹೇಗೆ? ಬೀಗಿತ್ತಿ ಗುರಬಾಯಿಯ ಸಿಟ್ಟಿಳಿಸಲು ಒಂದು ಪೈಠಣಿ ಸೀರೆ ಒಯ್ಯಬೇಕೆಂದು ಕಮಲಾ ಯೇವಲಾದಲ್ಲಿ ಕಾರು ನಿಲ್ಲಿಸಿದಳು. ಇಲ್ಲಿಯ ಸೀರೆ ಅಂಗಡಿಯವರು ಗಿರಾಕಿಯನ್ನು ಬಿಳಿ ಗಾದಿಯ ಮೇಲೆ ಕೂಡಿಸಿ, ಚಹಾ ಕೊಟ್ಟು, ಆಮೇಲೆ ಒಂದೊಂದೇ ಸೀರೆ ಬಿಡಿಸುತ್ತಾರೆ. ಸೆರಗಿನಲ್ಲಿ ನವಿಲು. ಬಿಡಿಸಿದ ಸೀರೆಯ ರಾಶಿ ಎದೆಮಟ್ಟ ಬಂದರೂ ಅವರ ಮುಖ ಬಾಡುವುದಿಲ್ಲ. ನಮ್ಮ ಊರಿನ ಅಂಗಡಿಯವನು ಮೂರನೆಯ ಸೀರೆಗೆ 'ತಗೋತೀರೋ ಇಲ್ಲೋ' ಅನ್ನುತ್ತಾನೆ.

ಗುರಬಾಯಿಗೆ ಯಾವ ಬಣ್ಣ ಒಪ್ಪುತ್ತದೆ ಎಂಬುದೇ ದೊಡ್ಡ ಪ್ರಶ್ನೆಯಾಯಿತು. "ಸುವರ್ಣಾ, ನೀ ನಿಂದ್ರು ಇಲ್ಲಿ. ನಿಮ್ಮ ಅತ್ತೀಗಿ ಹೆಂಗ ಕಾಣ್ತದ ನೋಡೂನು," ಎಂದು ಕಮಲಾ ಮಗಳನ್ನು ಎಬ್ಬಿಸಿ ನಿಲ್ಲಿಸಿದಳು. ನೀಲಿ ಅಂಗಿಯ ಮೇಲೆ, ದಪ್ಪ ಬೂಟಿನ ಮೇಲೆ, ಒಂದಾದ ಮೇಲೊಂದು ಸೀರೆ ಹೊದಿಸಿದರು. ಹುಡುಗಿ ಅತ್ತೆಯ ಬದಲಿಗೆ ಕೈ ಚಾಚಿ ನಿಂತಳು. ಹಸಿರು ಆಗಲಿ ಎಂದು ನಾನು ತೀರ್ಪು ಕೊಟ್ಟೆ. ನಿನಗೆ ಯಾವುದು ಚಂದ ಅನಿಸಿತು ಎಂದು ಅಂಗಡಿಯವನು ಆಕೆಯನ್ನು ಮರಾಠಿಯಲ್ಲಿ ಕೇಳಿದ. ಅಷ್ಟರಲ್ಲಿ ಹಸಿರು ಸೀರೆ ಕಟ್ಟಿಸಿ ಆಗಿತ್ತು.

ಛತ್ರಪತಿ ಸಂಭಾಜಿನಗರ

ಕೋರ್ಟಿನ ಅಂಗಳದಲ್ಲಿ ಗಂಡಿನ ಕಡೆಯವರು ಆಗಲೇ ನಿಂತಿದ್ದರು. ಬಸವರಾಜ, ಗುರಬಾಯಿ, ಜೊತೆಗೆ ಆತನ ಕಾಕಾ ವೀರಣ್ಣ. ಈ ವೀರಣ್ಣನೂ ನನ್ನ ಹಾಗೆಯೇ ಕಲಬುರಗಿ ಸೀಮೆಯಲ್ಲಿ ರಾಜಿಗೆ ಹೆಸರಾದವನು. ಒಂದು ಒರೆಯಲ್ಲಿ ಎರಡು ಕತ್ತಿ ಹಿಡಿಯುವುದಿಲ್ಲ ಅನ್ನುತ್ತಾರೆ. ಇಬ್ಬರೂ ಹಲ್ಲು ತೋರಿಸಿ 'ಶರಣು ಶರಣಾರ್ಥಿ' ಅಂದೆವು.

ಮಧ್ಯಸ್ಥಿಕೆಯ ಕೋಣೆ ನೋಡಿ ನಾನು ಕಂಗಾಲಾದೆ. ಕಟಕಟೆಯಿಲ್ಲ, ಎತ್ತರದ ಕುರ್ಚಿಯಿಲ್ಲ. ನಡುವೆ ಒಂದು ದುಂಡು ಮೇಜು. ದುಂಡು ಮೇಜಿಗೆ ತಲೆಯ ಕಡೆ ಯಾವುದು, ಕಾಲ ಕಡೆ ಯಾವುದು? ಹಿರಿಯ ಎಲ್ಲಿ ಕೂಡಬೇಕು? ನಾನು, ವೀರಣ್ಣ ಇಬ್ಬರೂ ಮೇಜನ್ನು ಒಂದು ಸುತ್ತು ಹಾಕಿದೆವು. ಕೊನೆಗೆ ಫ್ಯಾನಿನ ಕೆಳಗಿನ ಕುರ್ಚಿ ಆತ ಹಿಡಿದ. ನಾನು ಕಿಟಕಿಯ ಪಕ್ಕದ್ದು ಹಿಡಿದೆ.

ಮಧ್ಯಸ್ಥರು ಕುಲಕರ್ಣಿ ಮೇಡಂ, ನಡುವಯಸ್ಸಿನ ವಕೀಲರು. ಹಿಂದಿಯಲ್ಲಿ ನಿಧಾನವಾಗಿ ಹೇಳಿದರು: "ನಾನು ಯಾರದು ಸರಿ, ಯಾರದು ತಪ್ಪು ಎಂದು ಹೇಳುವುದಿಲ್ಲ. ತೀರ್ಪು ಕೊಡುವುದಿಲ್ಲ. ಇಲ್ಲಿ ಆಡಿದ ಮಾತು ಇಲ್ಲೇ ಉಳಿಯುತ್ತದೆ, ನ್ಯಾಯಾಧೀಶರಿಗೂ ನಾನು ಹೇಳುವಂತಿಲ್ಲ. ಇಬ್ಬರನ್ನೂ ಕೂಡಿಸಿ ಕೇಳುತ್ತೇನೆ, ಬೇರೆ ಬೇರೆಯಾಗಿಯೂ ಕೇಳುತ್ತೇನೆ. ಇಬ್ಬರೂ ಒಪ್ಪಿದರೆ ಬರೆದು ಸಹಿ ಮಾಡುತ್ತಾರೆ. ಯಾರಿಗೆ ಬೇಡವೋ ಅವರು ಯಾವಾಗ ಬೇಕಾದರೂ ಎದ್ದು ಹೋಗಬಹುದು."

ತೀರ್ಪು ಕೊಡದ ಪಂಚಾಯ್ತಿಯನ್ನು ನಾನು ಕಂಡದ್ದೇ ಇಲ್ಲ. ನಮ್ಮಲ್ಲಿ ತೀರ್ಪು ಮೊದಲೇ ತಯಾರಿರುತ್ತದೆ, ವಿಚಾರಣೆ ಊಟವಾದ ಮೇಲೆ. ಮಾತು ಇಲ್ಲೇ ಉಳಿಯುತ್ತದೆ ಎಂಬುದಂತೂ ಇನ್ನೂ ವಿಚಿತ್ರ. ನಾವು ಒಂದು ರಾಜಿ ಮುಗಿಸಿ ಮೇಲೇಳುವಷ್ಟರಲ್ಲಿ ಅದು ಮೂರು ಊರು ದಾಟಿರುತ್ತದೆ.

"ಯಾವ ಭಾಷೆಯಲ್ಲಿ ಮಾತಾಡುತ್ತೀರಿ?" ಎಂದು ಮೇಡಂ ಕೇಳಿದರು.

"ನಮ್ಮಲ್ಲಿ ಇಂಥಾ ಮಾತು ಕನ್ನಡದಾಗೇ ಆಗ್ತಾವ," ಎಂದ ವೀರಣ್ಣ. ನಾನು ಹೌದೆಂದು ತಲೆಯಾಡಿಸಿದೆ. ಇದೊಂದರಲ್ಲಿ ನಮ್ಮಿಬ್ಬರದೂ ಒಮ್ಮತ.

"ನಿಮ್ಮನ್ನಲ್ಲ, ಇವರನ್ನು ಕೇಳಿದ್ದು," ಎಂದು ಮೇಡಂ ಸುವರ್ಣಾಳ ಕಡೆ ನೋಡಿದರು. "ನಿನಗೆ ಯಾವ ಭಾಷೆಯಲ್ಲಿ ಜಗಳ ಆಡಲು ಬರುತ್ತದೋ ಅದರಲ್ಲಿ ಮಾತಾಡು."

"ಮರಾಠೀ," ಅಂದಳು ಸುವರ್ಣಾ. ತನಗೆ ಹಿಂದಿ ನಡೆಯುತ್ತದೆ, ಮರಾಠಿ ತಿಳಿಯುತ್ತದೆ ಎಂದ ಬಸವರಾಜ.

"ಇನ್ನೊಂದು ಮಾತು. ಹಿರಿಯರು ಇಲ್ಲೇ ಇರಬೇಕೋ, ಹೊರಗೆ ಕೂಡಬೇಕೋ? ನೀವಿಬ್ಬರೇ ಹೇಳಬೇಕು," ಎಂದರು ಮೇಡಂ.

"ಹೊರಗೆ," ಎಂದು ಇಬ್ಬರೂ ಒಂದೇ ಉಸಿರಿನಲ್ಲಿ ಅಂದರು. ಮದುವೆಯಾದಾಗಿನಿಂದ ಗಂಡ ಹೆಂಡತಿ ಜಗಳವಿಲ್ಲದೆ ಒಪ್ಪಿದ ಮೊದಲ ಮಾತು ಇದೇ ಇರಬೇಕು.

ಹೊರಗಿನ ಬೆಂಚಿನ ಮೇಲೆ ನಾಲ್ವರೂ ಸಾಲಾಗಿ ಕೂತೆವು. ನಾನು ದಾಂಪತ್ಯದ ಮೇಲೆ ಒಂದು ಭಾಷಣ ಸಿದ್ಧಮಾಡಿಕೊಂಡು ಬಂದಿದ್ದೆ. ಅದನ್ನು ಯಾರಿಗೆ ಹೇಳಲಿ? ಬಾಗಿಲಾಚೆಯಿಂದ ಒಂದು ಹೆಣ್ಣುದನಿ ಕೇಳುತ್ತಿತ್ತು. ಮಾತು ಸ್ಪಷ್ಟವಿರಲಿಲ್ಲ, ಆದರೆ ನಿಲ್ಲುತ್ತಲೂ ಇರಲಿಲ್ಲ. ಏರುತ್ತಿತ್ತು, ಇಳಿಯುತ್ತಿತ್ತು, ಒಮ್ಮೆ ಅತ್ತಿತು, ಮತ್ತೆ ಶುರುವಾಯಿತು. ಮೇಡಂ ದನಿ ಅಲ್ಲ.

"ನಮ್ಮ ಸುವರ್ಣಾನಾ ಅಕಿ?" ಎಂದು ಕಮಲಾ ನನ್ನ ಮುಖ ನೋಡಿದಳು. "ಇಷ್ಟು ಮಾತು ಎಲ್ಲಿ ಇಟ್ಟಿದ್ಳಣ್ಣಾ ಅಕಿ?"

ಆಮೇಲೆ ಹೆಂಡತಿಯನ್ನು ಒಳಗಿರಿಸಿ ಗಂಡನನ್ನು ಹೊರಗೆ ಕಳಿಸಿದರು, ಸ್ವಲ್ಪ ಹೊತ್ತಿಗೆ ಅದಲು ಬದಲು. ಬಸವರಾಜ ಹೊರಬಂದದ್ದೇ ವೀರಣ್ಣ ಅವನ ತೋಳು ಹಿಡಿದ. "ಏನಂದ್ಳು? ನೀ ಏನಂದಿ?"

"ಒಳಗಿಂದು ಹೊರಗ ಹೇಳಂಗಿಲ್ಲ ಕಾಕಾ. ಮೇಡಂ ಹೇಳ್ಯಾರ."

"ನಿನ್ನ ಎತ್ತಿ ಆಡಿಸಿದಾವ ನಾ. ನನಗ ಹೇಳಂಗಿಲ್ಲಾ?"

ಬಸವರಾಜ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡ. ತಾಯಿಯ ಮಾತಿಗೆ, ಕಾಕಾನ ಮಾತಿಗೆ ಎಂದೂ ಎದುರಾಡದ ಹುಡುಗ. ಅಂದು ಅವನು ನೋಡಲು ಸ್ವಲ್ಪ ಹಗುರಾದವನ ಹಾಗೆ ಇದ್ದ.

ಒಂದು ದಿನ ಬಿಟ್ಟು ಬನ್ನಿ, ಇವರು ಯೋಚನೆ ಮಾಡಲಿ ಎಂದರು ಮೇಡಂ. ಕಳಿಸುವಾಗ ನಮ್ಮ ನಾಲ್ವರ ಕಡೆ ನೋಡಿ, "ಇವರಿಗೆ ಯೋಚನೆ ಮಾಡಲು ಬಿಡಿ," ಎಂದು ಸೇರಿಸಿದರು.

ವೇರೂಳ್

ಬಿಟ್ಟೆವು. ಸುವರ್ಣಾ ಗೆಳತಿಯ ಮನೆಗೆ ಹೋದಳು, ಬಸವರಾಜ ಬ್ಯಾಂಕಿಗೆ ಹೋದ. ಕಾರು ಒಂದೇ ಇದ್ದುದರಿಂದ ಎರಡೂ ಪಕ್ಷದ ಹಿರಿಯರು ಒಟ್ಟಿಗೆ ಗುಹಾಲಯಗಳ ವೇರೂಳಿಗೆ ಹೋಗಬೇಕಾಯಿತು.

ಮೊದಲು ಘೃಷ್ಣೇಶ್ವರ. ಅಲ್ಲಿ ಗಂಡಸರು ಗರ್ಭಗುಡಿಗೆ ಹೋಗಬೇಕಾದರೆ ಅಂಗಿ ಬನಿಯನ್ನು ಎರಡೂ ಕಳಚಬೇಕು. ನಾನೂ ವೀರಣ್ಣನೂ ಬರಿಮೈಯಲ್ಲಿ ಸರದಿಯಲ್ಲಿ ನಿಂತೆವು. ಇಸ್ತ್ರಿ ಅಂಗಿ ತೆಗೆದ ಮೇಲೆ ಹಿರಿತನದಲ್ಲಿ ಉಳಿಯುವುದು ಹೊಟ್ಟೆಯೊಂದೇ. ಹಾಗೆ ನಿಂತು ಬೀಗರ ಮೇಲೆ ಸಿಟ್ಟು ಸಾಧಿಸುವುದು ಕಷ್ಟ. ಲಿಂಗ ಮುಟ್ಟಿ ಹೊರಬರುವಷ್ಟರಲ್ಲಿ ಆತ ನನಗೆ 'ಮಾಸ್ತರರ' ಅಂದ, ನಾನು 'ವೀರಣ್ಣೋರ' ಅಂದೆ.

ಮುಂದೆ ಕೈಲಾಸ ಗುಡಿ. ಈ ಗುಡಿಯನ್ನು ಗುಡ್ಡದ ನೆತ್ತಿಯಿಂದ ಕೆಳಗೆ ಕಡೆಯುತ್ತ ಬಂದರು, ಮೊದಲು ಶಿಖರ, ಕೊನೆಗೆ ನೆಲಗಟ್ಟು ಎಂದು ಗೈಡ್ ವಿವರಿಸಿದ. ವೀರಣ್ಣನಿಗೆ ಬಹಳ ಮೆಚ್ಚುಗೆಯಾಯಿತು. "ನಮ್ಮ ಪಂಚಾಯ್ತಿನೂ ಹಿಂಗೇ ನೋಡ್ರಿ. ಮ್ಯಾಲಿಂದ ಹೇಳ್ಕೊಂತ ಬರ್ತೀವಿ," ಅಂದ. ಇದು ಒಂದೇ ಬಂಡೆಯಾದ್ದರಿಂದ ನಿಂತಿದೆ ಎಂದು ಗೈಡ್ ಹೇಳಿದ್ದನ್ನು ಇಬ್ಬರೂ ಲಕ್ಷ್ಯಕ್ಕೆ ತಗೊಳ್ಳಲಿಲ್ಲ.

ಹೊರಗೆ ಕಬ್ಬಿನ ಹಾಲಿನ ಅಂಗಡಿಯ ನೆರಳಿನಲ್ಲಿ ಕೂತೆವು. ಕಮಲಾ ಸೀರೆ ಕೊಟ್ಟಳು. ಗುರಬಾಯಿ ಸೆರಗು ಬಿಡಿಸಿ ನವಿಲು ನೋಡಿ ಕಣ್ಣೀರು ಹಾಕಿದಳು. "ನಾ ಏನ್ ಅಕೀಗಿ ಹೊಡದೀನೇನ್ರೀ? ಮನಿಯಾಗ ಇರು ಅಂದೀನಿ, ಅಷ್ಟೇ," ಅಂದಳು. ಇಬ್ಬರೂ ಹೆಂಗಸರು ಕೈ ಕೈ ಹಿಡಿದುಕೊಂಡರು. ಆ ಬಿಸಿಯಲ್ಲೇ ನಾವು ರಾಜಿ ಮುಗಿಸಿಬಿಟ್ಟೆವು: ಸುವರ್ಣಾ ನೌಕರಿಗೆ ರಾಜೀನಾಮೆ ಕೊಡಬೇಕು, ಗುರಬಾಯಿ ಮೊದಲ ವರ್ಷ ಬೈಯಬಾರದು, ಕಲಬುರಗಿಗೆ ವರ್ಗವಾದ ಕೂಡಲೇ ಎಲ್ಲರೂ ಊರಿಗೆ. ಎಂಥ ಚೊಕ್ಕ ರಾಜಿ! ವೀರಣ್ಣ ನನ್ನನ್ನು ಅಪ್ಪಿಕೊಂಡ. ಕಬ್ಬಿನ ಹಾಲು ಮತ್ತೊಂದು ಸುತ್ತು ಬಂತು. ಗಂಡ ಹೆಂಡತಿ ಇಬ್ಬರು ಅಲ್ಲಿರಲಿಲ್ಲ ಎಂಬುದೊಂದೇ ಕೊರತೆ, ಅದು ಯಾರಿಗೂ ಕಾಣಲಿಲ್ಲ.

ಮತ್ತೆ ಕೋರ್ಟಿನಲ್ಲಿ

ಎರಡನೆಯ ಸಲ ಬಾಗಿಲು ಬೇಗ ತೆರೆಯಿತು. ಇಬ್ಬರೂ ಒಟ್ಟಿಗೆ ಹೊರಬಂದು, ನಮ್ಮ ಮುಂದೆಯೇ ಹಾದು ಕ್ಯಾಂಟೀನಿಗೆ ಹೋಗಿ ಚಹಾ ತಗೊಂಡರು. ಬಸವರಾಜ ಏನೋ ಹೇಳಿದ, ಸುವರ್ಣಾ ನಕ್ಕಳು. ಅವಳು ನಗುವುದನ್ನು ಮದುವೆಯ ಫೋಟೋದಲ್ಲೂ ನಾನು ಕಂಡಿರಲಿಲ್ಲ. ಗುರಬಾಯಿ ದೃಷ್ಟಿ ತೆಗೆಯುವವಳಂತೆ ಬೆರಳು ಮುರಿದಳು. ವೀರಣ್ಣ ಪೇಡೆ ತರಲು ಜೇಬಿಗೆ ಕೈ ಹಾಕಿದ.

ಮೇಡಂ ನಮ್ಮನ್ನು ಒಳಗೆ ಕರೆದರು. ಇಬ್ಬರ ಒಪ್ಪಿಗೆ ಪಡೆದು, ಅವರು ಬರೆಸಿದ್ದನ್ನು ಓದಿದರು. ಇಬ್ಬರೂ ಯಾರ ಮೇಲೂ ದೂರಿಲ್ಲದೆ ಬೇರೆಯಾಗುತ್ತಾರೆ. ಅವಳ ವಸ್ತು ಅವಳಿಗೆ, ಅವನ ವಸ್ತು ಅವನಿಗೆ. ಈಗಿನ ದಾವೆ ಹಿಂದಕ್ಕೆ ತಗೊಂಡು, ಒಟ್ಟಿಗೇ ಬಿಡುಗಡೆಯ ಅರ್ಜಿ ಹಾಕುತ್ತಾರೆ. ಮುಂದಿನದು ನ್ಯಾಯಾಧೀಶರಿಗೆ ಬಿಟ್ಟದ್ದು.

"ಇದೆಂಥಾ ರಾಜಿ?" ಎಂದು ವೀರಣ್ಣ ಎದ್ದು ನಿಂತ. "ನಿನ್ನೆ ವೇರೂಳದಾಗ ಎಲ್ಲಾ ಮುಗದಿತ್ತು!" ನಾನು ಅದನ್ನೇ ಹಿಂದಿಯಲ್ಲಿ ಹೇಳಿದೆ.

"ಅಲ್ಲಿ ಇವರಿಬ್ಬರೂ ಇದ್ದರಾ?" ಎಂದು ಮೇಡಂ ಕೇಳಿದರು. ಬೈದಂತೆ ಕೇಳಲಿಲ್ಲ, ತಿಳಿಯಲು ಕೇಳಿದರು. "ಇವರಿನ್ನೂ ಸಹಿ ಹಾಕಿಲ್ಲ. ಮನಸ್ಸು ಬದಲಾದರೆ ಈಗಲೂ ಎದ್ದು ಹೋಗಬಹುದು. ಮನೆಯವರ ಹತ್ತಿರ ಮಾತಾಡಬೇಕೆಂದರೆ ಮಾತಾಡಿ ಬನ್ನಿ."

ನಮಗೆ ಅಷ್ಟೇ ಸಾಕಿತ್ತು. ಇಬ್ಬರನ್ನೂ ವರಾಂಡದ ಕಂಬಕ್ಕೆ ಒತ್ತಿ ನಿಲ್ಲಿಸಿ ಸುತ್ತ ನಿಂತೆವು. ಒಂದು ವರ್ಷ ಮಾತು ಬಿಟ್ಟಿದ್ದ ಎರಡು ಮನೆಗಳು ಆಗ ಒಂದಾದದ್ದನ್ನು ನೋಡಬೇಕಿತ್ತು. ಕಮಲಾ ಅರ್ಧಕ್ಕೆ ಬಿಟ್ಟ ಮಾತನ್ನು ಗುರಬಾಯಿ ಮುಗಿಸುತ್ತಿದ್ದಳು, ವೀರಣ್ಣನ ಗಾದೆಗೆ ನಾನು ಗಾದೆ ಜೋಡಿಸುತ್ತಿದ್ದೆ. ಎಲ್ಲ ಗಟ್ಟಿ ಕನ್ನಡ, ಎಲ್ಲ ಜೋರು.

"ಇವಾ ಹೂಂ ಅಂದ್ರ ಸಾಕು. ಅಕೀದು ಏನು ಕೇಳ್ತೀರಿ, ಅಕಿ ಸುಮ್ಮ ಇರ್ತಾಳ," ಅಂದ ವೀರಣ್ಣ.

"ಹೌದು, ಹೋದ ಸಲನೂ ಸುಮ್ಮ ಒಪ್ಕೊಂಡಿದ್ಳು," ಅಂದೆ ನಾನು.

"ಇಲ್ಲ," ಅಂದಳು ಸುವರ್ಣಾ.

ನಾವು ಇನ್ನೂ ಮಾತಾಡುತ್ತಲೇ ಇದ್ದೆವು. ಬಸವರಾಜ ಕೈ ಎತ್ತಿದ ಮೇಲೆ ನಿಂತೆವು.

"ಮಾಮಾ, ನನಗ ಪೂರಾ ಕನ್ನಡ ಬೋಲ್... ಮಾತಾಡ್ಲಾಕ ಬರಂಗಿಲ್ಲ," ಅಂದಳು. ಒಂದೊಂದು ಶಬ್ದವನ್ನೂ ಹುಡುಕಿ ತರುತ್ತಿದ್ದಳು. "ಖರೇ, ತಿಳೀತದ. ಪೂರಾ ತಿಳೀತದ. ಆಗ ಮನಿಯಾಗ ಅಂದಿದ್ದು, ಪರವಾ... ಮೊನ್ನಿ ಗಾಡಿಯಾಗ ಅಂದಿದ್ದು. ಹುಡುಗಿ ಮೆತ್ತಗದ, ಗದರಿಸಿದ್ರ ಹೋಗ್ತದ. ಎಲ್ಲಾ. ನಾ ಉತ್ತರ ಹುಡುಕೂತನ ನಿಮ್ಮ ಮಾತು ಮುಂದ ಹೋಗಿರ್ತಿತ್ತು. ಹೋದ ಸಲ ನಾ... ತೇ ಕಾಯ್... ಹೋಕಾರ್..." ಶಬ್ದ ಸಿಗಲಿಲ್ಲ. ಕಣ್ಣಲ್ಲಿ ನೀರು ಬಂತು. ನಾವು ನಾಲ್ವರು ಕನ್ನಡದವರು ಎದುರಿಗಿದ್ದೆವು, ಯಾರೂ ಬಾಯಿ ಬಿಡಲಿಲ್ಲ.

"ಒಪ್ಪಿಗೆ," ಎಂದು ಬಸವರಾಜ ಮೆಲ್ಲಗೆ ಹೇಳಿಕೊಟ್ಟ.

"ಹಾಂ, ಒಪ್ಪಿಗೆ. ನಾ ಒಪ್ಪಿಗೆ ಕೊಟ್ಟಿದ್ದಿಲ್ಲ ಮಾಮಾ. ನನಗ ಯಾರೂ ಕೇಳಿದ್ದೇ ಇಲ್ಲ."

ಕಾರಿನಲ್ಲಿ ನಾನಾಡಿದ ಮಾತು, ನನ್ನ ದನಿಯ ಏರಿಳಿತದೊಂದಿಗೆ, ಅವಳ ಬಾಯಿಂದ ಬಂದಿತ್ತು. ನನಗೆ ನಾಚಿಕೆಯಾಯಿತು. ಆ ನಾಚಿಕೆಯನ್ನು ಯಾವ ಗಾದೆಯ ಹಿಂದೆ ಅಡಗಿಸಲಿ ಎಂದು ನೋಡಿದೆ, ಒಂದೂ ನೆನಪಾಗಲಿಲ್ಲ. ಅವರಿಬ್ಬರೂ ಒಳಗೆ ಹೋಗಿ ಸಹಿ ಮಾಡಿದರು. ಹೊರಬಂದು ಬಸವರಾಜ ನನ್ನ ಕಾಲು ಮುಟ್ಟಿದ. "ತಪ್ಪು ತಿಳೀಬ್ಯಾಡ್ರಿ, ನನಗೂ ಯಾರೂ ಕೇಳಿದ್ದಿಲ್ಲ," ಅಂದ. ಆಮೇಲೆ ತಾಯಿಯ ಕೈಹಿಡಿದು ನಡೆದ. ವೀರಣ್ಣ ಅವರ ಹಿಂದೆ ನಿಧಾನಕ್ಕೆ ಹೋದ.

ಸುವರ್ಣಾ ಮೊದಲಿನ ಹಾಗೆಯೇ ಮುಂದಿನ ಸೀಟಿನಲ್ಲಿ ಕೂತಳು. ಮರುದಿನ ಬೆಳಗಿನ ಪಾಳಿಗೆ ಹೋಗಬೇಕಂತೆ, ಸಿನ್ನರಿನಲ್ಲೇ ಇಳಿಸಿ ಅಂದಳು. ದ್ರಾಕ್ಷಿ ತೋಟಗಳು ಹಿಂದೆ ಸರಿಯುತ್ತಿದ್ದವು. ಕಮಲಾ ಎರಡು ಮೂರು ಸಲ ನನ್ನ ಕಡೆ ತಿರುಗಿ ಬಾಯಿ ತೆರೆದಳು, ಮುಂದೆ ಕೂತ ಮಗಳನ್ನು ನೋಡಿ ಮುಚ್ಚಿಕೊಂಡಳು. ನನಗೂ ಹೇಳುವುದು ಬಹಳ ಇತ್ತು, ನಾನೂ ಸುಮ್ಮನಿದ್ದೆ. ಬರುವಾಗ ಬಾಯಿ ಮುಚ್ಚದವರು ಈಗ ಯಾಕೆ ಮಾತಾಡುತ್ತಿಲ್ಲ ಎಂದು ಡ್ರೈವರ್ ಸುವರ್ಣಾಳನ್ನು ಕೇಳಿದ.

"ನನಗೆ ಕನ್ನಡ ತಿಳಿಯುತ್ತದೆ ಎಂದು ಅವರಿಗೆ ಇವತ್ತು ಗೊತ್ತಾಗಿದೆ," ಎಂದು ಅವಳು ಮರಾಠಿಯಲ್ಲಿ ಹೇಳಿದಳು. ಅಷ್ಟು ಮರಾಠಿ ನನಗೂ ತಿಳಿಯಿತು.